ಬೆಣ್ಣೆಯ ವಾಸನೆ

ಬೆಣ್ಣೆಯ ಗಟ್ಟಿಯನ್ನು ಕಾಗದದಿಂದ ಬಿಡಿಸುತ್ತಿದ್ದಂತೆ ಅವಳು ಉಸಿರು ಬಿಗಿಹಿಡಿದಳು. ಅದರಲ್ಲಿ ಹೊಸದೇನಿರಲಿಲ್ಲ. ಎರಡು ವರ್ಷದ ಹಿಂದೆ ಬಂದ ಜ್ವರ ಬರಿಗೈಯಲ್ಲಿ ಹೋಗದೆ ಅವಳ ಮೂಗನ್ನು ಎತ್ತಿಕೊಂಡು ಹೋಗಿತ್ತು. ಎರಡು ತಿಂಗಳು ಸಾಬೂನಿಗೂ ಸೀಮೆಎಣ್ಣೆಗೂ ವ್ಯತ್ಯಾಸ ತಿಳಿಯದಂತಿದ್ದು, ಆಮೇಲೆ ವಾಸನೆಗಳೆಲ್ಲ ಒಂದೊಂದಾಗಿ ವಾಪಸು ಬಂದವು. ಆದರೆ ಯಾವುದೂ ತನ್ನ ಮುಖ ಹೊತ್ತು ಬರಲಿಲ್ಲ. ಕಾಫಿ ಸುಟ್ಟ ಕೂದಲಾಗಿ ಬಂತು. ಈರುಳ್ಳಿ ಚರಂಡಿಯಾಗಿ ಬಂತು. ಒಗೆದು ಒಣಗಿಸಿದ ಹೊದಿಕೆ, ಟೂತ್‌ಪೇಸ್ಟು, ಗಂಡನ ಕತ್ತು, ಎಲ್ಲಕ್ಕೂ ಒಂದೊಂದು ಹೊಲಸು ಅಂಟಿಕೊಂಡಿತ್ತು. ನರಗಳು ಅದಲುಬದಲಾಗಿ ಕೂಡಿಕೊಂಡಿವೆ, ತಾವಾಗಿ ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದರು. ಹೇಗೂ ಬದುಕಬೇಕಲ್ಲ ಎಂದು ಅವಳು ಯಾವುದಕ್ಕೆ ಯಾವ ನಾತ ಎನ್ನುವುದನ್ನು ಚಿಕ್ಕಂದಿನಲ್ಲಿ ಪದ್ಯ ಬಾಯಿಪಾಠ ಮಾಡಿದ ಹಾಗೆ ಮಾಡಿಕೊಂಡಿದ್ದಳು. ಬೆಣ್ಣೆಗೆ ನೆಂದ ಚಕ್ಕಳ. ನೆಂದ ಚಕ್ಕಳ ಬಂದರೆ ಬೆಣ್ಣೆ ಸರಿಯಿದೆ, ಉಸಿರು ಬಿಗಿಹಿಡಿದು ಕೆಲಸ ಮುಗಿಸಬಹುದು. ಇವತ್ತು ನೆಂದ ಚಕ್ಕಳ ಇತ್ತು, ಅದರ ಅಡಿಯಲ್ಲಿ ಇನ್ನೊಂದು ಎಳೆಯೂ ಇತ್ತು. ತೆಳುವಾದದ್ದು, ಗಂಟಲಿನ ಹಿಂದಕ್ಕೆ ಹೋಗಿ ಕೂರುವಂಥದ್ದು, ಬಾಯಿಪಾಠದಲ್ಲಿ ಎಲ್ಲೂ ಇಲ್ಲದ್ದು.

ಅವಳು ಗಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಹೊರಗಿನ ಪದರ ಒಳಗಿನದಕ್ಕಿಂತ ಒಂದಿಷ್ಟು ಹೆಚ್ಚು ಹಳದಿಯಾಗಿತ್ತು, ಹಳೆಯ ಉಗುರಿನ ಹಳದಿ. ಫ್ರಿಜ್ಜಿನ ತಣುಪಿಗೆ ಹಾಗಾಗಿರಬಹುದು ಅಂದುಕೊಂಡು ಚಾಕುವಿನಿಂದ ಆ ಪದರವನ್ನು ಹೆರೆದು ತೆಗೆದಳು. ಹೆರೆದದ್ದು ಚಾಕುವಿನ ಅಲಗಿಗೆ ಸುರುಳಿ ಸುತ್ತಿಕೊಂಡು ನಿಂತಿತು. ಅದನ್ನು ಕಸದ ಡಬ್ಬಿಗೆ ಒರೆಸುವಾಗ ಮುಖ ಆ ಕಡೆ ತಿರುಗಿಸಿಕೊಂಡಳು.

ಇವತ್ತೇ ಇದು ಆಗಬೇಕಿತ್ತೇ. ಅತ್ತೆ ಸತ್ತ ಮೇಲೆ ಮೂರು ತಿಂಗಳಿನಿಂದ ಮಾವ ಊಟ ಮಾಡುತ್ತಿರಲಿಲ್ಲ. ಮಾಡುತ್ತಿರಲಿಲ್ಲ ಎಂದರೆ ತಟ್ಟೆಯ ಮುಂದೆ ಕೂತು, ಎರಡು ತುತ್ತು ಬಾಯಿಗಿಟ್ಟು, ಅದನ್ನೇ ದವಡೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ದೂಡುತ್ತ, ಕೊನೆಗೆ ನೀರು ಕುಡಿದು ಏಳುತ್ತಿದ್ದರು. ನಲವತ್ತು ವರ್ಷ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುತ್ತಿದ್ದ ಮನುಷ್ಯ. ಕಲ್ಲನ್ನು ಕೈಯಲ್ಲಿ ಎತ್ತಿಯೇ ಒಳಗೆ ಟೊಳ್ಳಿದೆ ಎಂದು ಹೇಳುತ್ತಿದ್ದರಂತೆ. ಈಗ ಅವರದೇ ತೂಕ ವಾರಕ್ಕೊಂದು ಸುತ್ತು ಇಳಿಯುತ್ತಿತ್ತು. ಇದು ಹೀಗೇ ಆದರೆ ಮೂಗಿನಿಂದ ನಳಿಗೆ ಇಳಿಸಬೇಕಾಗುತ್ತದೆ ಎಂದು ಡಾಕ್ಟರು ಹೋದ ವಾರ ಹೇಳಿದಾಗ ಗಂಡ ವರಾಂಡದಲ್ಲಿ ನಿಂತು ಮಗುವಿನ ಹಾಗೆ ಅತ್ತಿದ್ದ. ನಿನ್ನೆ ಸಂಜೆ ಮಾವ ಯಾರನ್ನೂ ನೋಡದೆ, ಗೋಡೆಗೆ ಹೇಳಿದ ಹಾಗೆ, ಹೋದವಳು ಮಾಡುತ್ತಿದ್ದ ಸೊಪ್ಪಿನ ಬಿಸ್ಕತ್ತು ಇದ್ದಿದ್ದರೆ ಒಂದು ತಿನ್ನಬಹುದಿತ್ತೇನೋ ಅಂದಿದ್ದರು. ಅಷ್ಟು ಸಾಕಾಗಿತ್ತು. ಗಂಡ ಚಪ್ಪಲಿಯ ಒಂದು ಪಟ್ಟಿ ಹಾಕಿಕೊಳ್ಳದೆಯೇ ಓಡಿಹೋಗಿ ಬಸ್‌ಸ್ಟಾಪಿನ ಹತ್ತಿರದ ಅಂಗಡಿಯಿಂದ ಬೆಣ್ಣೆ, ಮೈದಾ, ಮಜ್ಜಿಗೆ, ಒಂದು ಕಟ್ಟು ಸಬ್ಬಸಿಗೆ, ಒಂದು ಕಟ್ಟು ಈರುಳ್ಳಿ ಸೊಪ್ಪು ತಂದು ಮೇಜಿನ ಮೇಲೆ ಸುರಿದು, ನಾಳೆ ಮಧ್ಯಾಹ್ನ ನಾನೂ ಮನೆಗೇ ಬರ್ತೀನಿ, ಮೂರು ಜನ ಕೂತು ತಿನ್ನೋಣ ಅಂದಿದ್ದ.

ಅವಳು ಕೈ ತೊಳೆದುಕೊಂಡು ಅವನಿಗೆ ಫೋನು ಮಾಡಿದಳು. ಅವನು ಲಿಫ್ಟ್ ರಿಪೇರಿ ಮಾಡುವವನು. ಯಾವುದೋ ಆಸ್ಪತ್ರೆಯ ಲಿಫ್ಟಿನ ಬಾವಿಯಂಥ ಗುಂಡಿಯ ಮೇಲಿನಿಂದ ಮಾತಾಡಿದ, ಅವನ ದನಿಗೆ ಅವನದೇ ದನಿ ಕೆಳಗಿನಿಂದ ಉತ್ತರ ಕೊಡುತ್ತಿತ್ತು. ಬೆಣ್ಣೆ ಯಾಕೋ ಸರಿಯಿಲ್ಲ ಅಂದಳು. ಏನಾಗಿದೆ ಅಂದ. ವಾಸನೆ ಅಂದಳು, ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು.

"ಇನ್‌ಸ್ಪೆಕ್ಟರ್ ಮತ್ತೆ ಡ್ಯೂಟಿ ಮೇಲೆ ಬಂದ್ರಾ?" ಎಂದು ಅವನು ನಕ್ಕ. ಅವಳ ಮೂಗಿಗೆ ಅವನು ಇಟ್ಟ ಹೆಸರು ಅದು. ಆಮೇಲೆ ದನಿ ಇಳಿಸಿ, "ನೋಡು, ಸೀಲ್ ಹಾಕಿದ್ದ ಗಟ್ಟಿ. ನಿನ್ನೆ ತಾನೇ ತಂದಿದ್ದು. ನಿನ್ನ ಮೂಗನ್ನ ಕೇಳ್ತಾ ಕೂತ್ರೆ ಈ ಮನೇಲಿ ಯಾರೂ ಅನ್ನ ತಿನ್ನೋ ಹಾಗಿಲ್ಲ. ಅಪ್ಪ ಬಾಯಿಬಿಟ್ಟು ಕೇಳಿದಾರೆ. ಮಾಡಿಬಿಡು" ಅಂದ.

ಮೂಗಿನ ಸುದ್ದಿ ಎತ್ತಬಾರದು ಎಂಬುದು ಮನೆಯಲ್ಲಿ ಒಂದು ವರ್ಷದಿಂದ ನಡೆದುಬಂದ ಕಟ್ಟಳೆ. ಒಂದು ದಿನ ಅವಳು ತನಗೇ ಗೊತ್ತಿಲ್ಲದೆ ಗಂಡ ಹತ್ತಿರ ಬಂದಾಗ ಅಂಗೈಯಿಂದ ಅವನ ಎದೆಯನ್ನು ಹಿಂದಕ್ಕೆ ನೂಕಿದ್ದಳು. ಅವನು ಎದ್ದು ಹೋಗಿ ಸ್ನಾನ ಮಾಡಿಕೊಂಡು ಬಂದ. ಆಮೇಲಿಂದ ಪ್ರತಿ ದಿನ ಎರಡು ಸಲ ಸ್ನಾನ ಮಾಡತೊಡಗಿದ, ಕತ್ತಿನ ಚರ್ಮ ಕೆಂಪಾಗುವ ಹಾಗೆ ಉಜ್ಜಿಕೊಳ್ಳುತ್ತಿದ್ದ, ಆದರೂ ಅವಳಿಗೆ ಅದೇ ನಾತ, ಮೇಲೆ ಸಾಬೂನಿನ ನಾತವೂ ಸೇರಿ. ಆರನೇ ದಿನಕ್ಕೋ ಏಳನೇ ದಿನಕ್ಕೋ ಅವನು ಒದ್ದೆ ತಲೆಯಲ್ಲಿ ಹಾಸಿಗೆಯ ಅಂಚಿಗೆ ಕೂತು, ಇನ್ನು ಮೇಲೆ ನಮ್ಮ ಮನೆಯಲ್ಲಿ ವಾಸನೆ ಅನ್ನುವ ಮಾತೇ ಬೇಡ, ಬಂದರೂ ಬರಲಿಲ್ಲ ಅಂದುಕೊಂಡು ಇದ್ದುಬಿಡು, ನನಗೋಸ್ಕರ ಎಂದು ಕೇಳಿಕೊಂಡ. ಬೈದಿದ್ದರೆ ಮೀರಬಹುದಿತ್ತು. ಬೇಡಿಕೊಂಡದ್ದನ್ನು ಮೀರುವುದು ಹೇಗೆ.

ಬೇರೆ ಬೆಣ್ಣೆ ತರಬಹುದಲ್ಲ, ಹತ್ತು ಹೆಜ್ಜೆ. ಆದರೆ ಆ ಅಂಗಡಿಯ ಮೆಟ್ಟಿಲು ಹತ್ತಲು ಅವಳಿಗೆ ಕಾಲು ಬರುತ್ತಿರಲಿಲ್ಲ. ಹದಿನೈದು ದಿನದ ಹಿಂದೆ ಹಾಲು ಕೆಟ್ಟಿದೆ ಎಂದು ವಾಪಸು ಕೊಡಲು ಹೋಗಿದ್ದಳು. ಅಂಗಡಿಯವನು ಪ್ಯಾಕೆಟ್ಟಿನ ಕತ್ತರಿಸಿದ ಮೂಲೆಯನ್ನು ತಾನು ಮೂಸಿ, ಪಕ್ಕದಲ್ಲಿ ಮೊಟ್ಟೆ ಆರಿಸುತ್ತಿದ್ದ ಹೆಂಗಸಿಗೆ ಮೂಸಲು ಕೊಟ್ಟು, ಆಕೆ ತನ್ನ ಮಗಳಿಗೆ ಕೊಟ್ಟು, ಹೀಗೆ ಪ್ಯಾಕೆಟ್ಟು ಸಾಲಿನ ಕೊನೆಯವರೆಗೂ ಹೋಗಿ ಬಂತು. ಚೆನ್ನಾಗೇ ಇದೆಯಲ್ಲ, ಚೆನ್ನಾಗೇ ಇದೆಯಲ್ಲ ಎಂದು ಒಬ್ಬೊಬ್ಬರೂ ಪಲ್ಲವಿ ಹಾಡಿದರು. ಕೊನೆಗೆ ಅಂಗಡಿಯವನು, ಅಮ್ಮಾ, ಹಸುವನ್ನೇ ಕರೆಸಿ ಕೇಳಿಸಲಾ ಅಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆ ನಗುವಿನ ನೆನಪಾದರೆ ಈಗಲೂ ಕಿವಿಯ ಹಿಂದೆ ಬಿಸಿಯಾಗುತ್ತಿತ್ತು. ಅದಕ್ಕೂ ಮುಂಚೆ, ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕಿದ್ದಾಗ, ಜನ ತಂದ ಕೋಟುಗಳನ್ನು ಎರಡು ಬೆರಳಲ್ಲಿ ಸತ್ತ ಇಲಿಯನ್ನು ಎತ್ತಿದ ಹಾಗೆ ಎತ್ತುತ್ತಾಳೆ ಎಂದು ಗಿರಾಕಿಯೊಬ್ಬರು ದೂರು ಬರೆದಿದ್ದರು. ಮಾಲೀಕಳು ಆ ಕಾಗದವನ್ನು ಅವಳ ಕೈಯಲ್ಲೇ ಓದಿಸಿದ್ದಳು.

ಅವಳು ಬೆಣ್ಣೆಯನ್ನು ಅವರೆಕಾಳಿನ ಗಾತ್ರಕ್ಕೆ ಕತ್ತರಿಸಿ ಮೈದಾಕ್ಕೆ ಹಾಕಿದಳು. ಉಪ್ಪು, ಬೇಕಿಂಗ್ ಪೌಡರು, ಕುಟ್ಟಿದ ಮೆಣಸು. ಬೆರಳ ತುದಿಗಳಿಂದ ಮಾತ್ರ ಉಜ್ಜಬೇಕು, ಬಿಸಿ ತಾಗಿ ಬೆಣ್ಣೆ ಕರಗಿದರೆ ಪದರ ಏಳುವುದಿಲ್ಲ, ಗೋಡೆಗೆ ಹೊಡೆದರೆ ಗೋಡೆಯೇ ಒಡೆಯುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದರು. ಅವರ ಬೆರಳುಗಳು ಹಿಟ್ಟಿನಲ್ಲಿ ಹಕ್ಕಿ ಕಾಳು ಹೆಕ್ಕಿದ ಹಾಗೆ ಓಡುತ್ತಿದ್ದವು, ಬಾಯಿ ಯಾವುದೋ ದೇವರ ಪದ್ಯ ಹೇಳುತ್ತಿರುತ್ತಿತ್ತು. ಓವನ್ನಿನಲ್ಲಿ ತಟ್ಟೆ ಇಟ್ಟ ಮೇಲೆ ಅತ್ತೆ ಗಡಿಯಾರ ನೋಡಿದವರಲ್ಲ. ಇಪ್ಪತ್ತು ಪದ್ಯ ನಿಧಾನಕ್ಕೆ ಹೇಳಿ ಮುಗಿಸಿದರೆ ಬಿಸ್ಕತ್ತು ಬೆಂದಿರುತ್ತದೆ, ಅವಸರದಲ್ಲಿ ಹೇಳಿದರೆ ಬಿಸ್ಕತ್ತೂ ಹಸಿ, ದೇವರೂ ಹಸಿ ಅನ್ನುತ್ತಿದ್ದರು. ಅವಳ ಬೆರಳ ತುದಿಯಲ್ಲಿ ಬೆಣ್ಣೆ ಈಗ ಜಿಗಟಾಗುತ್ತಿತ್ತು. ಉಗುರಿನ ಸಂದಿಗೆ ಹೊಕ್ಕು ಕೂತಿತು. ಜಿಡ್ಡು ಯಾವಾಗಲೂ ಹೀಗೆಯೇ, ಚರ್ಮವನ್ನು ತನ್ನದೇ ಅಂದುಕೊಂಡು ಬಿಡುತ್ತದೆ. ಅತ್ತೆಯ ಬೆನ್ನಿಗೆ ಹಚ್ಚುತ್ತಿದ್ದ ಎಣ್ಣೆಯೂ ಹೀಗೇ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಸೊಂಟದ ಮೂಳೆ ಮುರಿದು ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನನ್ನು ಒರೆಸಿ ಎಣ್ಣೆ ಹಚ್ಚಬೇಕು, ಕೆಂಪಗಾಗಿದೆಯಾ ನೋಡಬೇಕು ಎಂದು ವಾರಕ್ಕೊಮ್ಮೆ ಬರುವ ನರ್ಸಮ್ಮ ಹೇಳಿಹೋಗಿದ್ದಳು. ಅವಳು ಮಗ್ಗುಲು ಬದಲಿಸುತ್ತಿದ್ದಳು. ಒರೆಸುತ್ತಿದ್ದಳು, ಎಣ್ಣೆ ಹಚ್ಚುತ್ತಿದ್ದಳು, ಆದರೆ ಬಟ್ಟೆಯ ಅಡಿಯಲ್ಲಿ ಕೈ ತೂರಿಸಿ, ಬೆನ್ನಿನ ಮೇಲುಭಾಗಕ್ಕೆ ಮಾತ್ರ, ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು. ಕಿಟಕಿಯ ಆಚೆ ಎದುರು ಮನೆಯ ಬಾಲ್ಕನಿಯಲ್ಲಿ ಒಂದು ಮುರಿದ ಸೈಕಲ್ಲಿತ್ತು. ಅದರ ಕಡ್ಡಿಗಳನ್ನು ಅವಳು ಎಣಿಸಿ ಮುಗಿಸಿದ್ದಳು.

ಒಂದು ದಿನ ಅತ್ತೆಯ ಕೋಣೆಗೆ ಹೋದಾಗ ಒಂದು ಹೊಸ ವಾಸನೆ. ಮಾಗಿದ ಹಣ್ಣು ಮುಚ್ಚಿದ ಡಬ್ಬಿಯಲ್ಲಿ ಉಳಿದುಹೋದ ಹಾಗೆ, ಸಿಹಿಯಾಗಿ. ಮೂಗಿನ ಚಾಳಿ ಅಂದುಕೊಂಡಳು. ಎರಡನೇ ದಿನ ಸಿಹಿ ಗಟ್ಟಿಯಾಯಿತು. ಮೂಗಿನ ಚಾಳಿಯೇ ಅಂದುಕೊಂಡಳು, ಆದರೆ ಒಳಗೆ ಹೋಗುವ ಮುನ್ನ ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡಳು. ಅತ್ತೆ ಅದನ್ನು ನೋಡಿದರು. "ನನ್ನಿಂದ ವಾಸನೆ ಬರ್ತಿದ್ಯೇನೇ?" ಎಂದು ಕೇಳಿದರು, ಉಪ್ಪು ಹೆಚ್ಚಾಗಿದೆಯಾ ಎಂದು ಕೇಳುವ ದನಿಯಲ್ಲಿ. ಅವಳು ಸೆರಗು ಕೆಳಗೆ ಬಿಟ್ಟು, ಇಲ್ಲ ಅತ್ತೆ, ನೆಗಡಿ ಅಂದಳು. ಮೂರನೇ ದಿನ, ನಾಲ್ಕನೇ ದಿನ. ಬಟ್ಟೆ ಎತ್ತಿ ನೋಡಿದ್ದರೆ ಮುಗಿಯುತ್ತಿತ್ತು. ಎತ್ತಲಿಲ್ಲ. ಐದನೇ ದಿನ ಬಂದ ನರ್ಸಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಆಮೇಲೆ ಬಂದು ಬಟ್ಟೆ ಎತ್ತಿದಳು. ಬೆನ್ನಿನ ಕೆಳಗೆ ಒಂದು ಮುಷ್ಟಿ ಹಿಡಿಯುವಷ್ಟು ಗುಳಿ, ಅಂಚು ಕಪ್ಪಗೆ, ಒಳಗೆ ಹಳದಿ. ಎಷ್ಟು ದಿನದಿಂದ ಈ ವಾಸನೆ ಎಂದು ನರ್ಸಮ್ಮ ಪೆನ್ನಿನ ಮುಚ್ಚಳ ತೆಗೆಯುತ್ತ ಕೇಳಿದಳು. ನಿನ್ನೆಯಿಂದ ಎಂದು ಅವಳ ಬಾಯಿ ಹೇಳಿತು. ಅಷ್ಟಕ್ಕೇ ಮುಗಿದಿದ್ದರೆ ಹೇಗೋ ಸಹಿಸಬಹುದಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅತ್ತೆ, "ಹೌದಮ್ಮ, ನಿನ್ನೆಯಿಂದಲೇ" ಅಂದರು. ನರ್ಸಮ್ಮ ಒಂದು ದಿನ ಎಂದು ಬರೆದುಕೊಂಡಳು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದು ಅತ್ತೆ ಹೋದರು, ವಿಷ ರಕ್ತಕ್ಕೆ ಏರಿತ್ತಂತೆ.

ತಣ್ಣನೆಯ ಮಜ್ಜಿಗೆ ಸುರಿದಳು, ಹೆಚ್ಚಿದ ಸೊಪ್ಪು ಹಾಕಿದಳು. ಹಿಟ್ಟು ಒದ್ದೆಯಾಗಿ ಬೆರಳಿಗೆ ಮೆತ್ತಿಕೊಂಡಿತು, ಒಳಗೆ ಸಬ್ಬಸಿಗೆಯ ಹಸಿರು ಎಳೆಗಳು ಗಾಯದ ಬಟ್ಟೆಯಿಂದ ಹೊರಬಂದ ನೂಲಿನ ಹಾಗೆ ಕಂಡವು. ಸತ್ತ ಮನೆಗೆ ಬಂದವರಿಗೆಲ್ಲ ಗಂಡ ಹೇಳಿದ್ದೇ ಹೇಳುತ್ತಿದ್ದ: ಒಂದೇ ದಿನದಲ್ಲಿ ಹಾಗಾಯ್ತಂತೆ, ಒಂದೇ ದಿನ, ಯಾರಿಂದ ಏನು ಮಾಡೋಕಾಗ್ತಿತ್ತು. ಅದು ಅವನ ಊರುಗೋಲಾಗಿತ್ತು. ಈಗಲೂ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಕೂಡ ಹೇಳುತ್ತಿದ್ದ. ಹೇಳಿ, ಅವಳ ಕಡೆ ತಿರುಗಿ, ಇವಳು ಹೆತ್ತ ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡಳು ಎಂದು ಸೇರಿಸುತ್ತಿದ್ದ. ಹಾಗೆ ಹೊಗಳಿಸಿಕೊಂಡಾಗ ಮುಖವನ್ನು ಎಷ್ಟು ತಗ್ಗಿಸಬೇಕು, ಎಷ್ಟು ಹೊತ್ತು ತಗ್ಗಿಸಿರಬೇಕು ಎನ್ನುವುದನ್ನು ಅವಳು ಚೆನ್ನಾಗಿ ಕಲಿತಿದ್ದಳು. ಅದನ್ನು ಕಲಿತದ್ದಕ್ಕೆ ಅವಳಿಗೆ ತನ್ನ ಮೇಲೆ ಬರುತ್ತಿದ್ದ ಹೇಸಿಗೆ ಯಾವ ಕಾಫಿಯಿಂದಲೂ ಯಾವ ಈರುಳ್ಳಿಯಿಂದಲೂ ಬಂದಿರಲಿಲ್ಲ.

ಹಿಟ್ಟನ್ನು ಹಲಗೆಯ ಮೇಲೆ ತಟ್ಟಿ, ಕಾಗದ ಮಡಚಿದ ಹಾಗೆ ಮೂರು ಮಡಿಕೆ ಮಡಚಿ, ತಿರುಗಿಸಿ, ಮತ್ತೆ ಲಟ್ಟಿಸಿ, ಮತ್ತೆ ಮಡಚಿದಳು. ಲಟ್ಟಣಿಗೆ ಉರುಳುತ್ತಿದ್ದಾಗ ಅವಳಿಗೆ ತಾನು ಯಾಕೆ ಈ ಹಿಟ್ಟನ್ನು ಎತ್ತಿ ಬಿಸಾಡುತ್ತಿಲ್ಲ ಎನ್ನುವುದು ಸ್ಪಷ್ಟವಾಗಿ ಕಂಡಿತು. ಅಂಗಡಿಯವನ ನಗು ಅಲ್ಲ, ಗಂಡನ ಬೇಡಿಕೆಯೂ ಅಲ್ಲ. ಮೂರು ತಿಂಗಳಿನಿಂದ ಅವಳು ಒಂದೇ ಒಂದು ಮಾತಿನ ಮೇಲೆ ನಿದ್ದೆ ಮಾಡುತ್ತಿದ್ದಳು: ನನ್ನ ಮೂಗು ಸುಳ್ಳು ಹೇಳುವ ಮೂಗು, ನನಗೆ ಗೊತ್ತಾಗುವ ಹಾಗಿರಲಿಲ್ಲ. ಇವತ್ತು ಬೆಣ್ಣೆಯ ವಿಷಯದಲ್ಲಿ ಈ ಮೂಗು ನಿಜ ಹೇಳಿದ್ದರೆ ಅವತ್ತೂ ನಿಜವನ್ನೇ ಹೇಳಿತ್ತು. ಅವತ್ತೂ ಬಾಯಿಪಾಠದಲ್ಲಿ ಇಲ್ಲದ ವಾಸನೆಯೇ ಬಂದಿತ್ತು. ಅವಳಿಗೆ ಈ ಬೆಣ್ಣೆ ಒಳ್ಳೆಯದಾಗಿರಬೇಕಿತ್ತು. ಅದಕ್ಕಾಗಿ ಒಬ್ಬ ಮುದುಕನ ಖಾಲಿ ಹೊಟ್ಟೆಯನ್ನು ಪಣಕ್ಕೆ ಇಟ್ಟು ಅವಳು ಲಟ್ಟಿಸುತ್ತಿದ್ದಳು.

ಎರಡೂ ಕಡೆ ಕತ್ತರಿಸಿದ ಹಾಲಿನ ಪುಡಿಯ ಸಣ್ಣ ಡಬ್ಬಿಯಿಂದ ಬಿಲ್ಲೆಗಳನ್ನು ನೇರ ಕೆಳಗೆ ಒತ್ತಿ ತೆಗೆದಳು. ತಿರುಚಿದರೆ ಅಂಚು ಮುಚ್ಚಿಕೊಂಡು ಪದರಗಳಿಗೆ ಉಸಿರು ಕಟ್ಟುತ್ತದೆ. ಒಂದಕ್ಕೊಂದು ತಾಗುವ ಹಾಗೆ ತಟ್ಟೆಯಲ್ಲಿ ಜೋಡಿಸಿ, ಮೇಲೆ ಹಾಲು ಸವರಿ ಓವನ್ನಿಗೆ ಇಟ್ಟಳು. ಗಡಿಯಾರವನ್ನೇ ನೋಡುತ್ತ ನಿಂತಳು. ಪದ್ಯಗಳು ಅವಳಿಗೂ ಬರುತ್ತಿದ್ದವು, ಕೇಳಿ ಕೇಳಿ. ಆದರೆ ಈ ಬಿಸ್ಕತ್ತಿಗೆ ಆ ಪದ್ಯ ಹೇಳಲು ಬಾಯಿ ಬರಲಿಲ್ಲ. ಬಿಸಿಯೇರಿದ ಹಾಗೆ ನೆಂದ ಚಕ್ಕಳ ಸುಡುವ ಚಕ್ಕಳವಾಯಿತು, ಸೊಪ್ಪು ಕೊಳೆತ ಕೊಳದ ಪಾಚಿಯಾಯಿತು, ಅದರ ನಡುವೆ ಆ ತೆಳ್ಳಗಿನ ಎಳೆ ಮಾತ್ರ ಯಾವ ವೇಷವನ್ನೂ ಹಾಕದೆ ನೆಟ್ಟಗೆ ನಿಂತಿತ್ತು. ಅವಳು ಕಿಟಕಿ ತೆರೆದು ತಲೆ ಹೊರಗೆ ಹಾಕಿದಳು.

ಹಿಂದೆ ಕುರ್ಚಿ ಎಳೆದ ಸದ್ದಾಯಿತು. ಮಾವ ಬಂದು ಮೇಜಿನ ಹತ್ತಿರ ಕೂತಿದ್ದರು. ಕರೆಯದೆ ಅವರು ಕೋಣೆಯಿಂದ ಹೊರಗೆ ಬಂದದ್ದು ಮೂರು ತಿಂಗಳಲ್ಲಿ ಇದೇ ಮೊದಲು. ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು, ಕೂದಲನ್ನು ನೀರು ಹಚ್ಚಿ ಬಾಚಿಕೊಂಡಿದ್ದರು. ವಾಸನೆ ಅಲ್ಲಿಗೇ ಬಂತು ಅಂದರು. ಅವಳು ತಟ್ಟೆಯನ್ನು ಹೊರಗೆ ತೆಗೆದಳು. ಎಷ್ಟು ಚೆನ್ನಾಗಿ ಎದ್ದಿದ್ದವು. ಹನ್ನೆರಡು ಬಿಸ್ಕತ್ತು, ಒಂದೊಂದೂ ಓದಿ ಮಡಚಿಟ್ಟ ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿ, ನೆತ್ತಿ ಹೊಂಬಣ್ಣ, ಸಂದಿಯಲ್ಲಿ ಹಸಿರು. ಅತ್ತೆಯ ಕೈಯಿಂದಲೂ ಇಷ್ಟು ಎದ್ದದ್ದನ್ನು ಅವಳು ನೋಡಿರಲಿಲ್ಲ. ಮಾವ ಕೈ ಚಾಚಿದರು. ಬಿಸಿ ಇದೆ ಅಂದಳು. ಊದಿದರು. ಮತ್ತೆ ಕೈ ಚಾಚಿದರು.

"ಮಾವ, ತಿನ್ನಬೇಡಿ. ಬೆಣ್ಣೆ ಕೆಟ್ಟಿತ್ತು."

ಅವರು ಅವಳನ್ನು ನೋಡಿ, ಬಿಸ್ಕತ್ತನ್ನು ನೋಡಿ, ಎರಡು ಹೋಳು ಮಾಡಿದರು. ಆವಿ ಮೇಲೆದ್ದಿತು. ಒಂದು ಹೋಳು ಬಾಯಿಗೆ ಹೋಯಿತು. ದವಡೆ ಆಡಿತು, ಕತ್ತಿನ ಸಡಿಲ ಚರ್ಮ ಒಂದು ಸಲ ಮೇಲೇರಿ ಇಳಿಯಿತು. ಚೆನ್ನಾಗಿದೆಯಮ್ಮ, ನಿಮ್ಮತ್ತೆ ಮಾಡಿದ ಹಾಗೇ ಇದೆ ಅಂದರು. ಅವಳೊಳಗೆ ಏನೋ ಒಂದು ಕುಣಿದು ಎದ್ದು ನಿಂತಿತು: ಹಾಗಾದರೆ ಮೂಗು ಸುಳ್ಳು. ಅವಳು ಮಾವನ ಮುಖವನ್ನೇ ನೋಡಿದಳು. ಎಡಗಣ್ಣಿನ ಕೆಳಗೆ ಒಂದು ನರ ಹಾರುತ್ತಿತ್ತು. ತುಟಿಯನ್ನು ನಾಲಿಗೆಯಿಂದ ಅಲ್ಲ, ಬೆರಳಿನಿಂದ ಒರೆಸಿಕೊಂಡರು. ಅವಳು ಎದುರಿನ ಕುರ್ಚಿಯಲ್ಲಿ ಕೂತಳು.

"ಅವತ್ತು ಅತ್ತೆ ಕೋಣೆಯಲ್ಲಿ ನಂಗೆ ನಾಲ್ಕು ದಿನ ವಾಸನೆ ಬಂದಿತ್ತು ಮಾವ. ನಿನ್ನೆಯಿಂದ ಅಂತ ಸುಳ್ಳು ಹೇಳಿದೆ."

ಇಷ್ಟು ದಿನ ಬಾಯೊಳಗೆ ಕೂತು ಹಲ್ಲು ಕೀಳುತ್ತಿದ್ದ ಮಾತು ಹೊರಗೆ ಬಂದದ್ದೇ ಬಡಕಲಾಗಿ ಕಂಡಿತು. ಮಾವ ಕೈಯಲ್ಲಿದ್ದ ಹೋಳನ್ನು ತಟ್ಟೆಯ ಅಂಚಿಗೆ ಒರಗಿಸಿಟ್ಟರು, ಅದು ಬೀಳದ ಹಾಗೆ ಸರಿಮಾಡಿದರು.

"ನನ್ನ ಮಂಚ ಅವಳ ಮಂಚದ ಪಕ್ಕದಲ್ಲೇ ಇತ್ತಲ್ಲಮ್ಮ," ಅಂದರು. "ನನ್ನ ಮೂಗಿಗೆ ಯಾವ ಜ್ವರ ಬಂದಿತ್ತು?"

ಓವನ್ನು ಆರುತ್ತ ಒಳಗಿನಿಂದ ಟಿಕ್ ಟಿಕ್ ಅನ್ನುತ್ತಿತ್ತು. ಮಾವ ಮೆಲ್ಲಗೆ, ಇನ್ನೊಬ್ಬರ ಸಂಗತಿ ಹೇಳುವವರ ಹಾಗೆ ಹೇಳಿದರು. ಅವರಿಗೂ ಬಂದಿತ್ತು, ಮೊದಲ ದಿನದಿಂದಲೇ. ಅತ್ತೆ ಅವರನ್ನೂ ಕೇಳಿದ್ದರಂತೆ, ರೀ, ನನ್ನಿಂದ ವಾಸನೆ ಬರ್ತಿದ್ಯಾ ಅಂತ. ಇಲ್ಲ ಅಂದರಂತೆ. ಮರುದಿನ, ಕೆಮ್ಮಿಂದ ನಿನಗೆ ನಿದ್ದೆ ಕೆಡತ್ತೆ ಎಂದು ನೆಪ ಹೇಳಿ ಹಾಸಿಗೆಯನ್ನು ಹೊರಗಿನ ಹಾಲ್‌ಗೆ ಎಳೆದುಕೊಂಡರಂತೆ. ಸೊಸೆ ಒಳಗೆ ಹೋಗಿ ಬರ್ತಾಳೆ, ಅವಳು ನೋಡ್ತಾಳೆ, ಅವಳು ಹೇಳ್ತಾಳೆ ಅಂದುಕೊಂಡು ಇದ್ದುಬಿಟ್ಟೆ ಅಂದರು. ಅಸಹ್ಯ ಆಯ್ತು ಕಣಮ್ಮ, ನಲವತ್ತಾರು ವರ್ಷ ಜೊತೆಗೆ ಮಲಗಿದವಳು, ಅಸಹ್ಯ ಆಯ್ತು, ಅಂದರು. ಅವಳಿಗೆ ಅಳು ಬರಬಹುದು ಅನ್ನಿಸಿತು, ಬರಲಿಲ್ಲ. ಇಬ್ಬರೂ ಇಲ್ಲ ಅಂದ ಮೇಲೆ ಅತ್ತೆ ಗೋಡೆಯ ಕಡೆ ತಿರುಗಿಕೊಂಡು ಮಲಗಿದ್ದರು, ತಮ್ಮ ನಾತದ ಜೊತೆ ತಾವೊಬ್ಬರೇ.

"ಆಗಿದ್ದು ಆಗಿಹೋಯ್ತು," ಮಾವ ಹೇಳಿದರು. ಅವರ ದನಿ ಮೆತ್ತಗಾಗಿತ್ತು, ಎಷ್ಟೋ ದಿನದ ಮೇಲೆ ಬೆಚ್ಚಗೂ ಆಗಿತ್ತು. "ನಮ್ಮಿಬ್ಬರಲ್ಲೇ ಇರಲಿ. ಅವನಿಗೆ ಬೇಡ. ಅವನು ತಡ್ಕೊಳಲ್ಲ."

ಹಾಗೆಂದು, ಒರಗಿಸಿಟ್ಟ ಹೋಳನ್ನು ಎತ್ತಿಕೊಂಡು ತಿಂದರು. ಇನ್ನೊಂದು ಬಿಸ್ಕತ್ತು ಮುರಿದರು. ಚೂರು ಎದೆಯ ಮೇಲೆ ಉದುರಿತು. ಬೆಣ್ಣೆ ಅಂದಳು ಅವಳು. ಹೌದು, ಸ್ವಲ್ಪ ಕಮಟಾಗಿದೆ, ಆದರೇನು, ತಿನ್ನಬಹುದು ಎಂದು ಬಾಯಿ ತುಂಬಿಕೊಂಡೇ ಹೇಳಿದರು. ಅವಳು ನೋಡುತ್ತ ಕೂತಳು. ಮೂರು ತಿಂಗಳು ಏನೂ ಇಳಿಯದಿದ್ದ ಆ ಗಂಟಲು ಈಗ ಒಂದೇ ಸಮ ಕೆಲಸ ಮಾಡುತ್ತಿತ್ತು. ಡಾಕ್ಟರು ಹುಡುಕಿದ್ದ ಮದ್ದು ತಾನೇ ಎನ್ನುವುದು ಅವಳಿಗೆ ಗೊತ್ತಾಯಿತು. ಈ ಮುದುಕ ಒಬ್ಬನೇ ನುಂಗಲಾರದೆ ಕೂತಿದ್ದ ಗುಟ್ಟನ್ನು ಅವಳು ಬಂದು ಅರ್ಧ ಹಂಚಿಕೊಂಡಿದ್ದಳು, ಅವನಿಗೆ ಹಸಿವಾಗಿತ್ತು. ಮನಸ್ಸಿನಲ್ಲಿ ಅವಳು ಮಾವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಮೇಜಿನಾಚೆಯಿಂದ ಅವರು ಅವಳ ಕಡೆ ನೋಡಿದ ನೋಟದಲ್ಲಿ ಪ್ರೀತಿಯಿತ್ತು. ಅದು ಅವಳನ್ನು ಜಿಡ್ಡಿನ ಹಾಗೆ ಮುಟ್ಟಿತು. ಇನ್ನು ಎಷ್ಟು ವರ್ಷ ಈ ಮೇಜಿನ ಆಚೀಚೆ ಇಬ್ಬರೂ ಹೀಗೆ ಕೂತು, ಒಬ್ಬರಿಗೊಬ್ಬರು ಬಡಿಸುತ್ತ.

ಬಾಗಿಲ ಬೀಗ ತಿರುಗಿತು. ಗಂಡ ಬಂದ. ಮೊಣಕೈವರೆಗೂ ಗ್ರೀಸು, ಆದರೂ ಮೊದಲು ಬಚ್ಚಲಿಗೆ ಹೋಗದೆ ಅಡುಗೆಮನೆಯ ಬಾಗಿಲಲ್ಲೇ ನಿಂತ. ಅಪ್ಪ ತಿನ್ನುತ್ತಿರುವುದನ್ನು ನೋಡಿದ. ತಟ್ಟೆಯಲ್ಲಿ ಖಾಲಿಯಾದ ಜಾಗಗಳನ್ನು ನೋಡಿದ. ಅವನ ಮುಖ ಮೆಲ್ಲಮೆಲ್ಲಗೆ ಅಗಲವಾಯಿತು.

"ಎರಡು ತಿಂದ್ಯಾ ಅಪ್ಪ?"

"ಮೂರನೇದು," ಎಂದು ಮಾವ ಕೈಯಲ್ಲಿದ್ದದ್ದನ್ನು ತೋರಿಸಿದರು.

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದು ಕೂತು, ಒಂದನ್ನು ಎತ್ತಿ ಇಡಿಯಾಗಿ ಬಾಯಿಗೆ ಹಾಕಿಕೊಂಡ. ಅಪ್ಪನಿಗೆ ಹೇಳಿದ, ಬೆಳಿಗ್ಗೆ ಇವಳು ಬೆಣ್ಣೆ ಸರಿಯಿಲ್ಲ ಅಂತ ಫೋನು ಮಾಡಿದ್ದಳು, ನಮ್ಮ ಇನ್‌ಸ್ಪೆಕ್ಟರು, ಅವರ ಮಾತು ಕೇಳಿದ್ದರೆ ಇವತ್ತು ನಿನ್ನ ಹೊಟ್ಟೆಗೆ ಗಾಳಿಯೇ ಗತಿಯಾಗಿತ್ತು. ಅಗಿಯುತ್ತ ಅಗಿಯುತ್ತ ಅವನ ದವಡೆ ನಿಧಾನವಾಯಿತು. ಹುಬ್ಬು ಒಂದಿಷ್ಟು ಕೂಡಿತು. ಅವನು ಅಪ್ಪನನ್ನು ನೋಡಿದ, ಅಪ್ಪ ತಿನ್ನುತ್ತಿದ್ದರು. ಅದನ್ನು ನೋಡಿ ಇವನೂ ಧೈರ್ಯ ತಂದುಕೊಂಡು ಮತ್ತೆ ಅಗಿಯತೊಡಗಿದ. ಅಮ್ಮ ಇದ್ದಿದ್ದರೆ ಎಷ್ಟು ಖುಷಿಪಡ್ತಿದ್ದಳು ಎಂದು ಬಾಯಿ ತುಂಬಿದ್ದಂತೆಯೇ ಹೇಳಿದ. ಏನು ಮಾಡೋದು, ಒಂದೇ ದಿನದಲ್ಲಿ.

"ಒಂದು ದಿನ ಅಲ್ಲ," ಅವಳು ಹೇಳಿದಳು.

ಮಾವನ ಕೈ ನಿಂತಿತು. ಊಟದ ಹೊತ್ತಿನಲ್ಲಿ ಆ ಮಾತೆಲ್ಲ ಯಾಕಮ್ಮ ಎಂದು ಅವರು ಬೇಗಬೇಗ, ತಗ್ಗಿದ ದನಿಯಲ್ಲಿ ಹೇಳಿದರು. ಗಂಡ ಏನು ಎನ್ನುವ ಹಾಗೆ ಅವಳ ಕಡೆ ತಿರುಗಿದ. ಅವನ ಕತ್ತಿನಲ್ಲಿ ಉಜ್ಜಿ ಉಜ್ಜಿ ಉಳಿದುಹೋದ ಕೆಂಪು ಕಾಣುತ್ತಿತ್ತು.

"ಐದನೇ ದಿನ ನರ್ಸಮ್ಮ ಬಂದಿದ್ದು. ಅದಕ್ಕೂ ನಾಲ್ಕು ದಿನ ಮುಂಚಿನಿಂದ ನಂಗೆ ವಾಸನೆ ಬರ್ತಿತ್ತು. ಬಟ್ಟೆ ಎತ್ತಿ ನೋಡಲಿಲ್ಲ. ನಂಗೆ ಹೇಸಿಗೆ ಆಯ್ತು. ನಿನ್ನೆಯಿಂದ ಅಂತ ನಾನು ಹೇಳಿದ್ದು ಸುಳ್ಳು."

ಮಾವನ ವಿಷಯ ಅವಳು ಎತ್ತಲಿಲ್ಲ. ಅದು ಅವರದು, ಅವರು ತಟ್ಟೆಯನ್ನೇ ನೋಡುತ್ತ ಕೂತಿದ್ದರು. ಗಂಡನ ದವಡೆ ನಿಂತುಹೋಗಿತ್ತು. ಒಂದು ಕೆನ್ನೆ ಉಬ್ಬಿಕೊಂಡಿತ್ತು, ಕಣ್ಣಲ್ಲಿ ನೀರು ತುಂಬುತ್ತಿತ್ತು. ಅವನು ನುಂಗಲು ನೋಡಿದ, ಗಂಟಲು ಒಪ್ಪಲಿಲ್ಲ. ಉಗುಳಲು ಎಲ್ಲಿಯೂ ಜಾಗವಿಲ್ಲದವನಂತೆ ಅತ್ತ ಇತ್ತ ನೋಡಿದ.

ಅವಳು ಎದ್ದು ಮೇಜನ್ನು ಸುತ್ತಿ ಬಂದು ಅವನ ಗದ್ದದ ಕೆಳಗೆ ಅಂಗೈ ಒಡ್ಡಿದಳು.

"ಉಗುಳಿಬಿಡಿ," ಅಂದಳು. "ಕೆಟ್ಟಿದೆ ಅದು."

ಅವನು ಅವಳ ಮುಖವನ್ನೇ ನೋಡುತ್ತ ಬಗ್ಗಿದ. ಬೆಚ್ಚಗಿನ, ಒದ್ದೆಯಾದ, ಹಸಿರು ಚೂರುಗಳ ಮುದ್ದೆ ಅವಳ ಅಂಗೈಗೆ ಬಿತ್ತು, ಎಂಜಲಿನ ಎಳೆ ಅವನ ತುಟಿಯಿಂದ ಅವಳ ಮಣಿಕಟ್ಟಿನವರೆಗೆ ಎಳೆದು ನಿಂತಿತು. ವಾಸನೆ ಬಂತು. ಅವಳು ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಇನ್ನೂ ಇದೆಯೇನೋ ಎಂದು ಹಾಗೆಯೇ ಹಿಡಿದು ನಿಂತಳು.